ಲೇಖಕರ ದಾಖಲೆಯಲ್ಲಿ ಲಿಂಗದ ಕಾಲಂ ಬಿಟ್ಟಿದ್ದು, ಹಳೆ ಹೆಸರಿನ ಹಿಂದೆ ಓಡಾಡಿದ್ದು

ನಮ್ಮ ಗ್ರಂಥಾಲಯದ ಕ್ಯಾಟಲಾಗಿನಲ್ಲಿರುವ ಲೇಖಕರ ಹೆಸರುಗಳನ್ನು ಲಿಂಕ್ಡ್ ಡೇಟಾಗೆ, ಅಂದರೆ ವೆಬ್‌ನಲ್ಲಿ ಒಂದಕ್ಕೊಂದು ಕೊಂಡಿ ಇರುವ ಮಾಹಿತಿಯ ರೂಪಕ್ಕೆ, ತರುವ ಕೆಲಸದಲ್ಲಿ ನನ್ನ ತಲೆ ಜಾಸ್ತಿ ತಿಂದದ್ದು ಲಿಂಗದ ಕಾಲಂ. ಗ್ರಂಥಾಲಯದ ದಾಖಲೆಗಳನ್ನು ಬರೆಯುವ ಮಾರ್ಕ್ ಎಂಬ ಮಾದರಿಯಲ್ಲಿ ಒಂದೊಂದು ವಿವರಕ್ಕೆ ಒಂದೊಂದು ನಂಬರಿನ ಫೀಲ್ಡ್ ಇರುತ್ತದೆ, ಲಿಂಗಕ್ಕೂ 375 ಅಂತ ಒಂದು ಫೀಲ್ಡೇ ಇದೆ. ನಮ್ಮ ಹಳೆ ದಾಖಲೆಗಳನ್ನು ತೆರೆದು ನೋಡಿದರೆ ಬಹಳ ಕಡೆ ಆಧಾರವೇ ಇಲ್ಲ, ಹೆಸರು ನೋಡಿ ಸುಮ್ನೆ ತುಂಬಿದಂತಿತ್ತು. ಕ್ಯಾಟಲಾಗಿನೊಳಗೆ ಇದ್ದಾಗ ಅದನ್ನು ಯಾರೂ ನೋಡುತ್ತಿರಲಿಲ್ಲ. ಟ್ರಿಪಲ್ (ಲಿಂಕ್ಡ್ ಡೇಟಾದ ಮೂರು ಭಾಗದ ಹೇಳಿಕೆ) ಆದ ಮೇಲೆ ಹಾಗಲ್ಲ, ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು, ಊಹೆ ಕೂಡ ಸತ್ಯದ ಥರಾನೇ ಓಡಾಡುತ್ತದೆ.

2022ರಲ್ಲಿ ಗ್ರಂಥಾಲಯಗಳು ಸೇರಿ ಕ್ಯಾಟಲಾಗ್ ಮಾಡುವ ಒಕ್ಕೂಟವಾದ ಪಿಸಿಸಿಯ ಕಾರ್ಯತಂಡ ಈ ಫೀಲ್ಡ್ ತುಂಬುವುದೇ ಬೇಡ ಎಂದು ಶಿಫಾರಸು ಮಾಡಿತ್ತು. ನಾನೂ 375 ಅನ್ನು ಲಿಂಕ್ಡ್ ಡೇಟಾಗೆ ತರದೆ ಬಿಟ್ಟೆ. ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡೋಕೆ ಅವರ ಪುಸ್ತಕಗಳು, 374ರ ವೃತ್ತಿ, 377ರ ಭಾಷೆ ಸಾಕಾಯ್ತು.

ಹೆಸರಿನ ವಿಷಯ ಇಷ್ಟು ಸುಲಭ ಇರಲಿಲ್ಲ. ಹೆಸರು ಬದಲಿಸಿಕೊಂಡ ಲೇಖಕರೊಬ್ಬರು ಹಳೆಯದನ್ನು ತೋರಿಸಬೇಡಿ ಅಂದರು. ಪರ್ಯಾಯ ಹೆಸರುಗಳ ಫೀಲ್ಡ್ ಆದ 400ರಲ್ಲಿದ್ದ ಹಳೆ ಹೆಸರು ತೆಗೆದೆ. ನೋಡಿದರೆ 670ರ ಆಧಾರ ಟಿಪ್ಪಣಿಯಲ್ಲೂ ಅದೇ ಕೂತಿದೆ, ಅದನ್ನೂ ತೆಗೆದೆ. ಆಮೇಲೂ ಹುಡುಕಾಟದಲ್ಲಿ ಹಳೆ ಹೆಸರು ಮತ್ತೆ ಕಾಣಿಸಿಕೊಂಡಿತು, ಯಾಕೆಂದರೆ ನಮ್ಮ ಸ್ಕ್ರಿಪ್ಟ್ ವಿಕಿಡೇಟಾ ಎಂಬ ಮುಕ್ತ ಮಾಹಿತಿಕೋಶದಿಂದ ಪರ್ಯಾಯ ಹೆಸರುಗಳನ್ನೂ ಎಳೆದು ತರುತ್ತಿತ್ತು. ಈಗ ಅಲ್ಲಿಂದ ಗುರುತಿನ ಸಂಖ್ಯೆಗಳನ್ನು ಮಾತ್ರ ತರುತ್ತೇವೆ. ಹೆಸರು ನಮ್ಮದೇ ದಾಖಲೆಯಿಂದ.

ಯುಆರ್‌ಐ (ಲೇಖಕರನ್ನು ಗುರುತಿಸುವ ವೆಬ್ ವಿಳಾಸ) ಒಳಗಂತೂ ಹೆಸರು ಇಡಲೇಬೇಡಿ. ಹೆಸರು ಬದಲಾದರೆ ವಿಳಾಸ ಒಡೆಯುತ್ತದೆ, ಇಲ್ಲವೇ ಹಳೆ ಹೆಸರು ವಿಳಾಸದಲ್ಲೇ ಉಳಿಯುತ್ತದೆ. 16 ಅಂಕಿಗಳ ಐಎಸ್‌ಎನ್‌ಐ (ಲೇಖಕರಂಥವರಿಗೆ ಕೊಡುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಥರ ಅರ್ಥವಿಲ್ಲದ ನಂಬರೇ ವಾಸಿ.

ಹೆಸರು ಬದಲಿಸಿಕೊಂಡ ಆ ಲೇಖಕರ ಹಳೆ ಪುಸ್ತಕದ ಶೀರ್ಷಿಕೆ ಪುಟದಲ್ಲಿ ಮಾತ್ರ ಹಳೆ ಹೆಸರೇ ಅಚ್ಚಾಗಿದೆ, ಅಲ್ವಾ? ಶೀರ್ಷಿಕೆ, ಲೇಖಕರ ಹೆಸರನ್ನು ಅಚ್ಚಾದ ಹಾಗೆ ಬರೆಯುವ ಫೀಲ್ಡ್ 245ರಲ್ಲಿ ಅದನ್ನು ಇದ್ದ ಹಾಗೇ ಬಿಡುವುದಾ ಅಂತ ಅವರನ್ನೇ ಕೇಳಿದೆ. ಓದುಗರಿಗೆ ಪುಸ್ತಕ ಸಿಗಬೇಕು, ಅದಿರಲಿ ಅಂದರು. ಗುಪ್ತನಾಮದಲ್ಲಿ ಬರೆಯುವ ಇನ್ನೊಬ್ಬರು ಎರಡು ಹೆಸರುಗಳ ನಡುವೆ ಕೊಂಡಿಯೇ ಬೇಡ ಅಂದರು. ಅವರಿಗೆ ಎರಡು ಬೇರೆ ದಾಖಲೆ ಮಾಡಿದೆ, ಒಂದರಿಂದ ಇನ್ನೊಂದಕ್ಕೆ ಯಾವ ಲಿಂಕೂ ಇಲ್ಲ. ಇದಕ್ಕೆಲ್ಲ ಒಂದೇ ನಿಯಮ ಮಾಡೋಕೆ ಹೊರಟವರನ್ನು ನಾನು ನಂಬಲ್ಲ.

ಈಗಾಗಲೇ ಹೊರಗೆ ಹೋದ ನಕಲು ವಾಪಸ್ ಬರುವುದಿಲ್ಲ. ನಮ್ಮ ಡೇಟಾ ಇಳಿಸಿಕೊಂಡವರ ಒಂದು ಪಟ್ಟಿ ಇಟ್ಟಿದ್ದೇನೆ, ಬದಲಾವಣೆ ಆದಾಗ ಮೇಲ್ ಹಾಕುತ್ತೇನೆ. ಕೆಲವರು ತಕ್ಷಣ ತಿದ್ದುತ್ತಾರೆ. ಕೆಲವರಿಂದ ಉತ್ತರವೇ ಇರಲ್ಲ, ಮತ್ತೆ ಮೇಲ್ ಹಾಕುತ್ತೇನೆ.