ಜಾನ್ ಬ್ಲೇನ್ ಎಂಬ ಲೇಖಕರೇ ಇರಲಿಲ್ಲ: ಹಳೆಯ ಸಾಹಸ ಮಾಲಿಕೆಗಳ ಸಂಗ್ರಹ, ನನ್ನ ಅನುಭವ

ಅಮೆರಿಕದ ಹುಡುಗರಿಗಾಗಿ ಕಳೆದ ಶತಮಾನದಲ್ಲಿ ಅಚ್ಚಾದ ಸಾಹಸ ಮಾಲಿಕೆಗಳನ್ನು ಸಂಗ್ರಹಿಸುವ ಹವ್ಯಾಸ ನನಗೆ ಅಂಟಿಕೊಂಡದ್ದು ನ್ಯೂಜೆರ್ಸಿಯಲ್ಲಿ ನೆಲೆಸಿದ ಮೇಲೆ. ಈ ಬಗೆಯ ಪುಸ್ತಕಗಳಿಗೆ ಒಂದರ್ಥದಲ್ಲಿ ಇದೇ ತವರು. ಇಲ್ಲಿಯ ಎಲಿಜಬೆತ್ ಪಟ್ಟಣದಲ್ಲಿ 1862ರಲ್ಲಿ ಹುಟ್ಟಿದ ಎಡ್ವರ್ಡ್ ಸ್ಟ್ರಾಟಮೇಯರ್, ಕಥೆಯ ಹಂದರವನ್ನು ತಾನೇ ಹೆಣೆದು, ಬರೆಯುವ ಕೆಲಸವನ್ನು ಬೇರೆಯವರಿಗೆ ವಹಿಸಿ, ಪುಸ್ತಕವನ್ನು ಹುಟ್ಟೇ ಇರದ ಲೇಖಕನೊಬ್ಬನ ಹೆಸರಿನಲ್ಲಿ ಹೊರತರುವ ಪದ್ಧತಿಯನ್ನು ದೊಡ್ಡ ಉದ್ಯಮವಾಗಿಯೇ ಬೆಳೆಸಿದರು. 1910ರಲ್ಲಿ ಆರಂಭವಾದ ‘ಟಾಮ್ ಸ್ವಿಫ್ಟ್’ ಮಾಲಿಕೆಯ ಮೇಲೆ ವಿಕ್ಟರ್ ಆಪಲ್‌ಟನ್ ಎಂಬ ಹೆಸರಿದ್ದರೂ ಅದರ ಬಹುಪಾಲನ್ನು ಬರೆದವರು ಹೋವರ್ಡ್ ಗ್ಯಾರಿಸ್. 1927ರ ‘ಹಾರ್ಡಿ ಬಾಯ್ಸ್’ ಮಾಲಿಕೆಯ ಫ್ರಾಂಕ್ಲಿನ್ ಡಿಕ್ಸನ್ ಕೂಡ ಕಲ್ಪಿತ ವ್ಯಕ್ತಿಯೇ. ಮೊದಲ ಪುಸ್ತಕಗಳನ್ನು ಬರೆದ ಕೆನಡಾದ ಪತ್ರಕರ್ತ ಲೆಸ್ಲಿ ಮೆಕ್‌ಫಾರ್ಲೇನ್ ಅವರಿಗೆ ಮೊದಲ ಪುಸ್ತಕಕ್ಕೆ ಸಿಕ್ಕದ್ದು 125 ಡಾಲರ್; ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟು ಸಹಿ ಹಾಕಿದ್ದರಿಂದ ಮುಂದೆ ಲಕ್ಷಾಂತರ ಪ್ರತಿಗಳು ಮಾರಾಟವಾದರೂ ಅವರಿಗೆ ಗೌರವಧನದ ಮಾತಿರಲಿಲ್ಲ. 1976ರಲ್ಲಿ ಆತ್ಮಕಥೆ ಬರೆದು ಅವರು ಇದನ್ನೆಲ್ಲ ಹೇಳಿಕೊಂಡರು.

ಹಾಗಾಗಿ ಈ ಸಂಗ್ರಹದಲ್ಲಿ ಮುಖಪುಟದ ಹೆಸರನ್ನು ನಂಬುವಂತಿಲ್ಲ. ಒಳಪುಟದ ಇಸವಿಯನ್ನಂತೂ ನಂಬಲೇಬಾರದು. ಈ ಮಾಲಿಕೆಗಳಲ್ಲಿ ಹಲವನ್ನು ಹೊರತಂದ ಗ್ರಾಸೆಟ್ ಅಂಡ್ ಡನ್‌ಲಪ್ ಪ್ರಕಾಶನವು ಎಷ್ಟೇ ಮರುಮುದ್ರಣವಾದರೂ ಮೊದಲ ಇಸವಿಯನ್ನೇ ಉಳಿಸಿಕೊಂಡು ಬರುತ್ತಿತ್ತು. ಪ್ರತಿಯ ನಿಜವಾದ ವಯಸ್ಸನ್ನು ನಾನು ಗೊತ್ತುಮಾಡುವುದು ಹೊರಹೊದಿಕೆಯ ಮೇಲೆ ಅಚ್ಚಾಗಿರುವ ಮಾಲಿಕೆಯ ಪಟ್ಟಿಯಿಂದ. ಉದಾಹರಣೆಗೆ, ‘ರಿಕ್ ಬ್ರಾಂಟ್’ ಮಾಲಿಕೆಯ ಮೊದಲ ಪುಸ್ತಕದ ಒಳಗೆ 1947 ಎಂದಿದ್ದು, ಪಟ್ಟಿ ‘ದ ಗೋಲ್ಡನ್ ಸ್ಕಲ್’ ಎಂಬಲ್ಲಿಗೆ ನಿಂತಿದ್ದರೆ, ಆ ಪ್ರತಿ 1954ಕ್ಕಿಂತ ಹಿಂದಿನದಲ್ಲ. 1956ರ ‘ದ ವೈಲಿಂಗ್ ಆಕ್ಟೋಪಸ್’ ಅದರಲ್ಲಿ ಇಲ್ಲದಿರುವುದರಿಂದ ಬಹುಶಃ ಅದಕ್ಕಿಂತ ಈಚಿನದೂ ಅಲ್ಲ. ಆದರೆ ಒಂದು ಪ್ರತಿಯ ಹೊದಿಕೆಯನ್ನು ಇನ್ನೊಂದಕ್ಕೆ ತೊಡಿಸಿ ಮಾರುವವರು ಇರುವುದರಿಂದ, ಪುಸ್ತಕದೊಳಗೂ ಪಟ್ಟಿಯಿದ್ದರೆ ಎರಡನ್ನೂ ತಾಳೆ ನೋಡದೆ ನಾನು ಬೆಲೆಯ ಮಾತೆತ್ತುವುದಿಲ್ಲ. ‘ಹಾರ್ಡಿ ಬಾಯ್ಸ್’ ವಿಷಯದಲ್ಲಿ ಇದಕ್ಕಿಂತ ಸುಲಭದ ಉಪಾಯವಿದೆ. 1959ರಿಂದ ಹಳೆಯ ಕಥೆಗಳನ್ನು ತಿದ್ದಿ, ಮೊಟಕುಗೊಳಿಸಿ ಅಚ್ಚುಹಾಕತೊಡಗಿದ್ದರಿಂದ, ಆರಂಭದ ಪುಸ್ತಕಗಳಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಅಧ್ಯಾಯಗಳಿದ್ದರೆ ಮೂಲ ಪಾಠ, ಇಪ್ಪತ್ತಿದ್ದರೆ ತಿದ್ದಿದ್ದು. ತಿದ್ದುವಾಗ ಕರಿಯರನ್ನೂ ವಲಸಿಗರನ್ನೂ ಹೀನಾಯವಾಗಿ ಚಿತ್ರಿಸಿದ್ದ ಭಾಗಗಳು ಹೋದದ್ದು ಒಳ್ಳೆಯದೇ ಆಯಿತು. ಮೆಕ್‌ಫಾರ್ಲೇನ್ ಅವರ ಹಾಸ್ಯವೂ ಊಟದ ವರ್ಣನೆಗಳೂ ಜೊತೆಗೇ ಕೊಚ್ಚಿಹೋದವು.

ನನ್ನ ಮೆಚ್ಚಿನದು ಮಾತ್ರ ‘ರಿಕ್ ಬ್ರಾಂಟ್’. ಇದು ಸ್ಟ್ರಾಟಮೇಯರ್ ಗಿರಣಿಯಿಂದ ಬಂದದ್ದಲ್ಲ. ನ್ಯೂಜೆರ್ಸಿ ಕರಾವಳಿಗೆ ಸಮೀಪದ ಕಾಲ್ಪನಿಕ ದ್ವೀಪವೊಂದರಲ್ಲಿ ವಿಜ್ಞಾನಿಗಳ ನಡುವೆ ಬೆಳೆಯುವ ಹುಡುಗನ ಕಥೆಗಳಿವು. ಲೇಖಕ ಜಾನ್ ಬ್ಲೇನ್ ಎಂದು ಅಚ್ಚಾಗಿದ್ದರೂ ಬರೆದವರು ಹೆರಾಲ್ಡ್ ಗುಡ್ವಿನ್. ಮೊದಲ ಮೂರಕ್ಕೆ ಪೀಟರ್ ಹಾರ್ಕಿನ್ಸ್ ಜೊತೆಗಿದ್ದರು. ನಾಸಾದಲ್ಲಿ ಕೆಲಸ ಮಾಡಿದ ಗುಡ್ವಿನ್ ಅವರಿಗೆ ಯಂತ್ರಗಳ ಬಗ್ಗೆ ಬರೆಯುವಾಗ ಬುರುಡೆ ಬಿಡುವ ಅಗತ್ಯವಿರಲಿಲ್ಲ. ಎರಡನೆಯ ಪುಸ್ತಕ ‘ದ ಲಾಸ್ಟ್ ಸಿಟಿ’ಯಲ್ಲಿ ಟಿಬೆಟ್ಟಿಗೆ ಹೊರಟ ತಂಡಕ್ಕೆ ಮುಂಬಯಿಯಲ್ಲಿ ಚಾಹ್ಡಾ ಎಂಬ ಹುಡುಗ ಜೊತೆಯಾಗುತ್ತಾನೆ. ನಮ್ಮ ಯಾವ ಪ್ರಾಂತ್ಯದಲ್ಲೂ ನಾನು ಕೇಳರಿಯದ ಹೆಸರು, ಮುರುಕು ಇಂಗ್ಲಿಷು. ಆದರೆ ವರ್ಲ್ಡ್ ಆಲ್ಮನಾಕ್ ಎಂಬ ವಾರ್ಷಿಕ ಮಾಹಿತಿಕೋಶ ಇಡಿಯಾಗಿ ಅವನಿಗೆ ಬಾಯಿಪಾಠ. ಮಗ್ಗಿ, ಅಮರಕೋಶ ಉರುಹೊಡೆದು ಬೆಳೆದವರ ಮನೆಯಿಂದ ಬಂದ ನನಗೆ ಅವನ ಚಿತ್ರಣ ಮುಜುಗರ ತರುತ್ತದೆ, ಅವನ ಮೇಲೆ ಅಕ್ಕರೆಯೂ ಹುಟ್ಟುತ್ತದೆ. ಅವನು ಮುಂದಿನ ಪುಸ್ತಕಗಳಲ್ಲೂ ಬರುತ್ತಾನೆ, ಪ್ರಾಣಾಪಾಯದಲ್ಲಿ ಒದಗಿಬರುವ ಗೆಳೆಯನಾಗಿಯೇ ಬರುತ್ತಾನೆ ಎಂಬುದನ್ನು ಆ ಕಾಲದ ಮಟ್ಟಿಗೆ ದೊಡ್ಡದೆಂದೇ ಎಣಿಸುತ್ತೇನೆ.

ಪುಸ್ತಕಗಳು ನನಗೆ ಹೆಚ್ಚಾಗಿ ಸಿಕ್ಕಿರುವುದು ಊರ ಗ್ರಂಥಾಲಯಗಳ ವಾರ್ಷಿಕ ಮಾರಾಟಗಳಲ್ಲಿ ಮತ್ತು ಹಿರಿಯರು ತೀರಿಕೊಂಡ ಮನೆಗಳ ಎಸ್ಟೇಟ್ ಸೇಲ್‌ಗಳಲ್ಲಿ. ಒಳಗಿನ ಕಾಗದ ಅಗ್ಗದ್ದು. ಆಮ್ಲದಿಂದ ಕಂದಿ, ಮೂಲೆ ಮಡಚಿದರೆ ಹಪ್ಪಳದಂತೆ ಮುರಿಯುತ್ತದೆ. ಹೊದಿಕೆ ಹರಿದಿದ್ದರೆ ನಾನು ಸೆಲ್ಲೋಟೇಪ್ ಮುಟ್ಟುವುದಿಲ್ಲ, ಏಕೆಂದರೆ ಅದರ ಅಂಟು ಕೆಲವು ವರ್ಷಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಕಾಗದದೊಳಗೆ ಇಳಿಯುತ್ತದೆ; ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಕವಚ ತೊಡಿಸಿ ಹಾಗೆಯೇ ಬಿಡುತ್ತೇನೆ. ಇಲ್ಲಿಯ ನೆಲಮಾಳಿಗೆಗಳಲ್ಲಿ ಬೇಸಿಗೆಯ ತೇವಕ್ಕೆ ಬೂಷ್ಟು ಹಿಡಿಯುವುದರಿಂದ ಕಪಾಟನ್ನು ಮಹಡಿಯ ಮೇಲಿಟ್ಟಿದ್ದೇನೆ, ಬಿಸಿಲು ಬೀಳದ ಗೋಡೆಗೆ.

ಬೆಲೆಯ ಬಗ್ಗೆ ಹೇಳುವುದಾದರೆ, ಹಳೆಯದೆಲ್ಲ ದುಬಾರಿಯಲ್ಲ. ‘ರಿಕ್ ಬ್ರಾಂಟ್’ ಮಾಲಿಕೆಯ 1947ರ ಶೀರ್ಷಿಕೆಗಳು ಅಗ್ಗವಾಗಿ ಸಿಗುತ್ತವೆ. ಬೇಡಿಕೆ ಕುಸಿದ ಕಾಲದ ಕಡೆಯ ಪುಸ್ತಕಗಳು, ಮುಖ್ಯವಾಗಿ 1968ರ ‘ಡೇಂಜರ್ ಬಿಲೋ’, ಕೈಸುಡುತ್ತವೆ. ಅದರ ನಂತರದ ‘ದ ಮ್ಯಾಜಿಕ್ ಟ್ಯಾಲಿಸ್ಮನ್’ ಮಾಲಿಕೆ ನಿಂತುಹೋದದ್ದರಿಂದ ಹಸ್ತಪ್ರತಿಯಾಗಿಯೇ ಉಳಿದು, ಗುಡ್ವಿನ್ ತೀರಿಕೊಂಡ 1990ರಲ್ಲಿ ಕೇವಲ 500 ಪ್ರತಿಗಳಲ್ಲಿ ಅಚ್ಚಾಯಿತು. ನನ್ನಲ್ಲಿ ಅದಿಲ್ಲ. ಮಾರಾಟಕ್ಕೆ ಬಂದಾಗಲೆಲ್ಲ ನನ್ನ ಮಿತಿಯನ್ನು ಮೀರಿಯೇ ಬೆಲೆ ನಿಂತಿದೆ, ಮತ್ತು ಆ ಮಿತಿಯನ್ನು ಸಡಿಲಿಸುವ ಮಾತನ್ನು ಮನೆಯವರು ಒಪ್ಪುವ ಹಾಗೆ ಕಾಣುತ್ತಿಲ್ಲ.