ಆರು ಸಾವಿರದ ರಸೀದಿ, ಅತ್ತೆಯ ಬಳೆ ಮತ್ತು ನಮ್ಮ ಸಾಲದ ಲೆಕ್ಕ

ಸಾಲ ತೀರಿಸಲು ಸಹಾಯ ಮಾಡುತ್ತೇವೆ ಅಂದವರಿಗೆ ನಾನು ಮೊದಲು ಕೊಟ್ಟಿದ್ದು 6,000 ರೂಪಾಯಿ. ಅದೂ ಸಾಲ ಮಾಡಿಯೇ ಕೊಟ್ಟಿದ್ದು.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಮೂರು ಎಕರೆ ರೋಬಸ್ಟಾ ಕಾಫಿ ತೋಟ. ನೆರಳಿನ ಮರಗಳಿಗೆ ಕಾಳುಮೆಣಸು ಹಬ್ಬಿಸಿದ್ದೇವೆ. 2017ರಲ್ಲಿ ಮನೆ ಪಕ್ಕ ಎರಡು ರೂಮು ಕಟ್ಟಿ ಹೋಂಸ್ಟೇ ಶುರು ಮಾಡಿದೆವು. ಅದಕ್ಕೆ ಬ್ಯಾಂಕಿನಿಂದ 8 ಲಕ್ಷ ಟರ್ಮ್ ಲೋನ್. ಮರುವರ್ಷವೇ ಆಗಸ್ಟ್‌ನಲ್ಲಿ ಗುಡ್ಡ ಕುಸಿಯಿತು. ನಮ್ಮ ಮನೆಗೆ ಏನೂ ಆಗಲಿಲ್ಲ, ಆದರೆ ಕೊಡಗು ಅಂದರೆ ಜನ ಹೆದರಿಬಿಟ್ಟರು. 2019ರಲ್ಲಿ ಮತ್ತೆ ಮಳೆ, 2020ರಲ್ಲಿ ಲಾಕ್‌ಡೌನ್. ಆರು ತಿಂಗಳು ಕಂತು ಕಟ್ಟದಿದ್ದರೂ ಪರವಾಗಿಲ್ಲ ಅಂತ ಬ್ಯಾಂಕಿನವರು ಅಂದರು, ನಾವೂ ಕಟ್ಟಲಿಲ್ಲ. ಬಡ್ಡಿ ಮಾತ್ರ ಒಂದು ದಿನವೂ ರಜೆ ಹಾಕಲಿಲ್ಲ. ಆ ಹೊತ್ತಿಗೆ ಮೆಣಸಿನ ಬೆಲೆಯೂ ಹಿಂದೆ ಇದ್ದದ್ದರ ಅರ್ಧಕ್ಕೆ ಬಂದಿತ್ತು. ಒಂದು ಸಾಲ ಕಟ್ಟಲು ಇನ್ನೊಂದು, ಅದನ್ನು ಕಟ್ಟಲು ಕ್ರೆಡಿಟ್ ಕಾರ್ಡ್. ಗೊತ್ತಲ್ವಾ, ಹೇಗೆ ಸಾಗುತ್ತೆ ಅಂತ.

2022ರ ಜೂನ್. ಮಳೆ ಹಿಡಿದಿತ್ತು, ರೂಮು ಖಾಲಿ. ಫೋನಿನಲ್ಲಿ ಒಂದು ಜಾಹೀರಾತು ಬಂತು: ನಿಮ್ಮ ಸಾಲ ಅರ್ಧಕ್ಕೆ ಇಳಿಸುತ್ತೇವೆ, ರಿಕವರಿಯವರ ಕಾಟ ನಿಲ್ಲಿಸುತ್ತೇವೆ. ನಂಬರ್ ಹಾಕಿದ ಹತ್ತು ನಿಮಿಷಕ್ಕೆ ಫೋನ್. ಬೆಂಗಳೂರಿನ ಹುಡುಗಿ, ತುಂಬಾ ಚೆನ್ನಾಗಿ ಮಾತಾಡಿದಳು. ‘ಮೇಡಂ, ಇನ್ನು ಮೇಲೆ ಟೆನ್ಶನ್ ನಿಮ್ಮದಲ್ಲ, ನಮ್ಮದು’ ಅಂದಳು. ಎರಡು ವರ್ಷದಿಂದ ಅಂಥ ಮಾತು ಯಾರೂ ಆಡಿರಲಿಲ್ಲ. ನಿಜ ಹೇಳಬೇಕೆಂದರೆ ಆ ಮಾತಿಗೇ ದುಡ್ಡು ಕೊಟ್ಟೆ.

ಮೊದಲಿಗೆ 6,000. ಆಮೇಲೆ ತಿಂಗಳಿಗೆ 1,500. ಸಾಲದಲ್ಲಿ ಎಷ್ಟು ಇಳಿಸಿಕೊಡುತ್ತಾರೋ ಅದರಲ್ಲಿ ನೂರಕ್ಕೆ 15, ಮೇಲೆ ಜಿಎಸ್‌ಟಿ. ಅವರು ಹೇಳಿದ ಕೆಲಸ ಒಂದೇ: ಎಲ್ಲ ಕಂತು ನಿಲ್ಲಿಸಿ, ಆ ದುಡ್ಡು ಬೇರೆ ಖಾತೆಗೆ ಹಾಕುತ್ತಾ ಬನ್ನಿ, ಒಂದು ಮೊತ್ತ ಆದಮೇಲೆ ನಾವು ಸೆಟಲ್‌ಮೆಂಟ್, ಅಂದರೆ ಕಡಿಮೆ ದುಡ್ಡಿಗೆ ಸಾಲ ಮುಗಿಸುವುದನ್ನು, ಮಾತಾಡುತ್ತೇವೆ. ಎಲ್ಲ ಕಂತು ಅಂದರೆ ಎಲ್ಲವೂ. ತೋಟದ ಪತ್ರ ಅಡ ಇಟ್ಟಿರುವ ಟರ್ಮ್ ಲೋನಿನದ್ದೂ. ನಾನು ದಡ್ಡಿ, ನಿಲ್ಲಿಸಿದೆ.

ಜುಲೈ ಕೊನೆಗೆ ಪರ್ಸನಲ್ ಲೋನ್ ಕೊಟ್ಟ ಫೈನಾನ್ಸ್‌ನವರ ಫೋನ್ ರಾತ್ರಿ ಹತ್ತಕ್ಕೂ ಬರತೊಡಗಿತು. ಒಂದು ಭಾನುವಾರ ಇಬ್ಬರು ಬೈಕಿನಲ್ಲಿ ಮನೆಗೇ ಬಂದರು. ಅಪರೂಪಕ್ಕೆ ಮೈಸೂರಿನಿಂದ ಗೆಸ್ಟ್ ಬಂದಿದ್ದರು, ಅಕ್ಕಿರೊಟ್ಟಿ ತಿನ್ನುತ್ತಾ ಕೂತಿದ್ದರು. ಅವರ ಎದುರಿಗೇ ಗಲಾಟೆ. ಬೆಂಗಳೂರಿಗೆ ಫೋನ್ ಮಾಡಿದರೆ, ‘ಅವರಿಗೆ ನಮ್ಮ ನಂಬರ್ ಕೊಡಿ ಮೇಡಂ’ ಅಂದಳು. ಕೊಟ್ಟೆ. ಬೈಕಿನವನು ಅದನ್ನು ನೋಡಿ ನಕ್ಕ.

ಬಿಟ್ಟಿ ಸಹಾಯದ ದಾರಿ ತೋರಿಸಿದ್ದು ನಮ್ಮ ಸೊಸೈಟಿಯ ಸೆಕ್ರೆಟರಿ. ಮಡಿಕೇರಿಯಲ್ಲಿ ಆರ್ಥಿಕ ಸಾಕ್ಷರತಾ ಕೇಂದ್ರ ಇದೆ, ಹೋಗಿ ನೋಡಿ ಅಂದರು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕುಗಳೇ ನಡೆಸುವ ಕೇಂದ್ರ ಅದು, ಫೀಸು ಇಲ್ಲ. ನನಗೆ ಅನುಮಾನ. ಬ್ಯಾಂಕಿನ ದುಡ್ಡಲ್ಲಿ ನಡೆಯೋದು ಬ್ಯಾಂಕಿನ ಪರ ಮಾತಾಡಲ್ವಾ? ಆದರೂ ಬಿಸ್ಕತ್ ಡಬ್ಬಿಯಲ್ಲಿದ್ದ ಕಾಗದವನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಸ್ ಹತ್ತಿದೆ.

ಒಳಗೆ ಇದ್ದವರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಸಾಲ ಎಷ್ಟು ಅಂತ ಅವರು ಮೊದಲು ಕೇಳಲೇ ಇಲ್ಲ. ‘ಮನೆ ಖರ್ಚಿಗೆ ತಿಂಗಳಿಗೆ ಎಷ್ಟು ಬೇಕಮ್ಮ? ಸುಮ್ನೆ ಅಂದಾಜು ಹೇಳಬೇಡಿ. ಅಕ್ಕಿ, ಗ್ಯಾಸು, ಮಗನ ಫೀಸು, ಅತ್ತೆಯ ಮಾತ್ರೆ, ಒಂದೊಂದೇ ಹೇಳಿ’ ಅಂದರು. ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಆಮೇಲೆ ಹಳೇ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಹಾಕಿ ಸಾಲಗಳನ್ನು ಬರೆದರು. ಸೊಸೈಟಿ ಬೆಳೆ ಸಾಲ 2 ಲಕ್ಷ. ಟರ್ಮ್ ಲೋನ್ ಬಾಕಿ 5 ಲಕ್ಷ 80 ಸಾವಿರ. ಚಿನ್ನದ ಮೇಲೆ ಒಂದೂವರೆ ಲಕ್ಷ. ಫೈನಾನ್ಸ್ 2 ಲಕ್ಷ 30 ಸಾವಿರ. ಕಾರ್ಡು 84 ಸಾವಿರ. ಮಹಿಳಾ ಸಂಘ 36 ಸಾವಿರ. ಒಟ್ಟು 12 ಲಕ್ಷ 80 ಸಾವಿರ. ಅಷ್ಟು ವರ್ಷದಲ್ಲಿ ಆ ಮೊತ್ತವನ್ನು ಒಂದೇ ಕಡೆ ನೋಡಿದ್ದು ಅದೇ ಮೊದಲು.

‘ಇಷ್ಟೇನಾ? ಕಾಫಿ ವ್ಯಾಪಾರಿ ಹತ್ತಿರ ಮುಂಗಡ ತಗೊಂಡಿಲ್ವಾ?’ ಅಂದರು. ಅದನ್ನು ನಾನು ಸಾಲ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. 50,000 ತಗೊಂಡಿದ್ದೆವು. ಕುಯ್ಲು ಆದಮೇಲೆ 30 ಚೀಲ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಆ ವ್ಯಾಪಾರಿಗೇ ಕೊಡಬೇಕು, ಚೀಲಕ್ಕೆ ಮಾರ್ಕೆಟ್ ರೇಟಿಗಿಂತ 200 ಕಡಿಮೆ. ಮ್ಯಾನೇಜರ್ ಸರ್ ಅಲ್ಲೇ ಗುಣಿಸಿದರು. 6,000 ರೂಪಾಯಿ. ಐದು ತಿಂಗಳಿಗೆ ನೂರಕ್ಕೆ 12 ಬಡ್ಡಿ, ವರ್ಷಕ್ಕೆ ಲೆಕ್ಕ ಹಾಕಿದರೆ 29ರ ಹತ್ತಿರ. ಓಟಿಯಲ್ಲಿ, ಅಂದರೆ ಚೀಲಕ್ಕೆ ಎಷ್ಟು ಕಾಫಿ ಬೀಜ ಸಿಗುತ್ತೆ ಅನ್ನುವ ಲೆಕ್ಕದಲ್ಲಿ, ಹಿಡಿಯೋದು ಬೇರೆ. ನಮ್ಮ ಯಜಮಾನರು ಎಷ್ಟೋ ವರ್ಷದಿಂದ ‘ವ್ಯಾಪಾರಿ ಒಳ್ಳೆಯವನು, ಬಡ್ಡಿ ಕೇಳಲ್ಲ’ ಅನ್ನುತ್ತಾ ಬಂದಿದ್ದರು!

ಸಾಲಗಳನ್ನು ಅವರು ಬಡ್ಡಿಯ ಲೆಕ್ಕದಲ್ಲಿ ಮತ್ತೆ ಜೋಡಿಸಿದರು. ಕಾರ್ಡಿಗೆ ತಿಂಗಳಿಗೆ ಮೂರೂವರೆ, ಅಂದರೆ ವರ್ಷಕ್ಕೆ 42. ಸೊಸೈಟಿ ಸಾಲಕ್ಕೆ ಬಡ್ಡಿಯೇ ಇಲ್ಲ, ಆದರೆ ಗಡುವು ತಪ್ಪಿದರೆ ಆ ಸೌಲಭ್ಯ ಹೋಯಿತು. ಹಾಗಾಗಿ ಅದರ ತಾರೀಕು ಮಾತ್ರ ಯಾವ ಕಾರಣಕ್ಕೂ ತಪ್ಪಬಾರದು. ಕಾರ್ಡು ಮುಚ್ಚಲು ಚಿನ್ನ ಇಡಿ ಅಂದರು. ಬ್ಯಾಂಕಿನಲ್ಲಿ ಚಿನ್ನಕ್ಕೆ ಆಗ ವರ್ಷಕ್ಕೆ 9ರ ಆಸುಪಾಸು ಬಡ್ಡಿ. ನನ್ನದೆಲ್ಲ ಆಗಲೇ ಬ್ಯಾಂಕಿನಲ್ಲಿತ್ತು. ಮನೆಗೆ ಬಂದು ಹೇಳಿದಾಗ ಅತ್ತೆ ಏನೂ ಮಾತಾಡದೆ ಬಚ್ಚಲಿಗೆ ಹೋದರು. ಒಂದು ಬಳೆ ಸೋಪಿಗೆ ಬಂತು. ಇನ್ನೊಂದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ನಾನೇ ಎಳೆಯಬೇಕಾಯಿತು. ಎರಡೂ ಸೇರಿ ಮೂರೂವರೆ ಪವನ್, ಅಂದರೆ 28 ಗ್ರಾಂ. ದಂಡ ಸೇರಿ 93 ಸಾವಿರ ಆಗಿದ್ದ ಕಾರ್ಡು ಅದರಲ್ಲಿ ಮುಗಿಯಿತು.

ಬೆಂಗಳೂರಿನ ಕಂಪನಿಯ ಲೆಕ್ಕವನ್ನೂ ಮ್ಯಾನೇಜರ್ ಸರ್ ಎದುರಿಗೇ ಹಾಕಿದೆ. ಫೈನಾನ್ಸ್ ಮತ್ತು ಕಾರ್ಡು ಸೇರಿ 3 ಲಕ್ಷ 14 ಸಾವಿರ, ಅರ್ಧಕ್ಕೆ ಇಳಿಸಿದರು ಅಂತಲೇ ಇಟ್ಟುಕೊಳ್ಳಿ. ನಮಗೆ ಉಳಿತಾಯ 1 ಲಕ್ಷ 57 ಸಾವಿರ. ಅದರಲ್ಲಿ ನೂರಕ್ಕೆ 15 ಮತ್ತು ಜಿಎಸ್‌ಟಿ ಅಂದರೆ 27,789. ಎರಡು ವರ್ಷದ ತಿಂಗಳ ಫೀಸು 36,000. ಮೊದಲಿನ 6,000. ಸುಮಾರು 70 ಸಾವಿರ ಅವರಿಗೇ. ಅಷ್ಟರಲ್ಲಿ ಏರುವ ದಂಡ, ಬಡ್ಡಿ ಬೇರೆ. ನಾವು ಸಾಲ ಹೇಗೆ ಕಟ್ಟಿದ್ದೇವೆ ಅಂತ ತೋರಿಸುವ ಸಿಬಿಲ್ ರಿಪೋರ್ಟಿನಲ್ಲಿ ‘ಸೆಟಲ್ಡ್’ ಅಂತ ಬೀಳುತ್ತೆ. ಪೂರ್ತಿ ಕಟ್ಟಿ ‘ಕ್ಲೋಸ್ಡ್’ ಆಗುವುದೇ ಬೇರೆ, ಇದೇ ಬೇರೆ. ಮುಂದೆ ಸಾಲ ಕೇಳಲು ಹೋದಾಗ ಅದು ಎದ್ದು ಬರುತ್ತೆ. ಅಂದಹಾಗೆ ಆ ರಿಪೋರ್ಟು ವರ್ಷಕ್ಕೊಮ್ಮೆ ಬಿಟ್ಟಿ ಸಿಗುತ್ತೆ. ಕಂಪನಿಯವರು ಅದಕ್ಕೂ ನನ್ನಿಂದ 499 ಕೇಳಿದ್ದರು.

ರಾತ್ರಿಯ ಫೋನಿಗೆ ಮದ್ದು ಒಂದು ಕಾಗದ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ಆ ಆಗಸ್ಟ್‌ನಲ್ಲೇ ಹೇಳಿತ್ತು. ಯಾವ ದಿನ, ಎಷ್ಟು ಗಂಟೆಗೆ, ಯಾವ ನಂಬರಿನಿಂದ ಅಂತ ಬರೆದು ಫೈನಾನ್ಸ್‌ನ ದೂರು ಅಧಿಕಾರಿಗೆ ಇಮೇಲ್ ಮಾಡಿದೆ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ ಹತ್ತಿರ ಹೋಗಬಹುದು. ಅದಕ್ಕೂ ಫೀಸಿಲ್ಲ, ವಕೀಲರ ಮೂಲಕ ಕೊಟ್ಟರೆ ತಗೊಳ್ಳುವುದೇ ಇಲ್ಲ. ನನಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬರಲಿಲ್ಲ, ನಾಲ್ಕನೇ ದಿನಕ್ಕೆ ರಾತ್ರಿಯ ಫೋನ್ ನಿಂತಿತು. ಆಮೇಲೆ ಅವರ ಜೊತೆ ನಾನೇ ಮಾತಾಡಿದೆ. ಸೆಟಲ್‌ಮೆಂಟ್ ಬೇಡ, ದಂಡ ಬಿಡಿ, ಅವಧಿ ಹೆಚ್ಚಿಸಿ ಅಂದೆ. ಮೂರು ಸಲ ಇಲ್ಲ ಅಂದರು, ನಾಲ್ಕನೇ ಸಲ ಒಪ್ಪಿದರು. 11,400 ಇದ್ದ ಕಂತು 7,900 ಆಯಿತು. ಒಪ್ಪಿದ್ದನ್ನು ಇಮೇಲಿನಲ್ಲಿ ಬರೆಸಿಕೊಳ್ಳುವವರೆಗೆ ಒಂದು ರೂಪಾಯಿ ಕಟ್ಟಲಿಲ್ಲ. ಇದೂ ಮ್ಯಾನೇಜರ್ ಸರ್ ಹೇಳಿಕೊಟ್ಟ ಪಾಠ.

ಹಾಗಂತ ಬಿಟ್ಟಿ ಸಹಾಯದಲ್ಲೇ ಎಲ್ಲ ಮುಗಿಯಲಿಲ್ಲ. ಟರ್ಮ್ ಲೋನಿನ ಕಂತು ನಿಲ್ಲಿಸಿದ್ದೆನಲ್ಲ, ಆಮೇಲೆ ಅಷ್ಟಿಷ್ಟು ಕಟ್ಟಿದರೂ ಬಾಕಿ ಸರಿಹೋಗಲಿಲ್ಲ. 2023ರ ಜನವರಿಯಲ್ಲಿ ಸರ್ಫೇಸಿ ಕಾಯ್ದೆಯ ನೋಟಿಸು ಬಂತು. ಅಡ ಇಟ್ಟ ಆಸ್ತಿಯನ್ನು ಬ್ಯಾಂಕು ಕೋರ್ಟಿಗೆ ಹೋಗದೆಯೇ ವಶಕ್ಕೆ ತಗೊಳ್ಳಲು ಬಿಡುವ ಕಾಯ್ದೆ ಅದು. 60 ದಿನ ಗಡುವು. ಕೃಷಿ ಭೂಮಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಅದರಲ್ಲೇ ಇದೆ, ಆದರೆ ಕಾಫಿ ತೋಟ ಅದರಲ್ಲಿ ಸೇರುತ್ತಾ ಇಲ್ವಾ ಅಂತ ಬೆಳೆಗಾರರಿಗೂ ಬ್ಯಾಂಕುಗಳಿಗೂ ಎಳೆದಾಟ. ನೋಟಿಸು ಹಿಡಿದು ಕೇಂದ್ರಕ್ಕೆ ಓಡಿದೆ. ಅವರು ಓದಿ ಕನ್ನಡಕ ತೆಗೆದರು. ‘ಇದು ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲಮ್ಮ. ವಕೀಲರನ್ನು ನೋಡಿ, ಇವತ್ತೇ ನೋಡಿ.’ ನನ್ನ ಮೊದಲಿನ ಅನುಮಾನವೂ ಪೂರ್ತಿ ಸುಳ್ಳಲ್ಲ. ಬ್ಯಾಂಕಿನ ಲೆಕ್ಕವೇ ತಪ್ಪಿರಬಹುದು ಅನ್ನುವ ಮಾತು ಅವರ ಬಾಯಿಂದ ಯಾವತ್ತೂ ಬರಲಿಲ್ಲ.

ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ. ಸಾಲಕ್ಕೆ ನಾನೂ ಸಹಿ ಹಾಕಿದ್ದರಿಂದ ಕೇಳಬಹುದಿತ್ತು. ಆದರೆ ನೋಟಿಸು ಯಜಮಾನರ ಕಪಾಟಿನಲ್ಲಿ ಒಂದು ತಿಂಗಳು ಕೂತಿತ್ತು, ನನಗೆ ತೋರಿಸಿರಲಿಲ್ಲ. ಆ ಜಗಳದ ಕಥೆ ಇಲ್ಲಿ ಬೇಡ. ಉಳಿದಿದ್ದು 26 ದಿನ. ಇಂಥ ಕೇಸುಗಳನ್ನೇ ನೋಡುವ ವಕೀಲರ ಹತ್ತಿರ ಹೋದೆವು. ಫೀಸು 7,500, ಒಂದೇ ಸಲ, ಏನು ಮಾಡಿಕೊಡುತ್ತೇನೆ ಅಂತ ಮೊದಲೇ ಹೇಳಿದರು. ಸಾಲ ಇಳಿಸಿಕೊಡುತ್ತೇನೆ ಅನ್ನಲಿಲ್ಲ. ಸ್ಟೇಟ್‌ಮೆಂಟ್ ತರಿಸಿ, ದಂಡದ ಬಡ್ಡಿ ಎರಡು ಸಲ ಬಿದ್ದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ ಆಕ್ಷೇಪ ಬರೆದರು. ಬ್ಯಾಂಕು 15 ದಿನದಲ್ಲಿ ಅದಕ್ಕೆ ಉತ್ತರ ಕೊಡಲೇಬೇಕು. ಕೊಡುವ ಮೊದಲೇ ಆ ಬ್ಯಾಂಕಿನ ಮ್ಯಾನೇಜರ್ ಮಾತಿಗೆ ಕರೆದರು. ಬಾಕಿ ಬಿದ್ದ 72 ಸಾವಿರ ಪೂರ್ತಿ ಕಟ್ಟಿದರೆ ಖಾತೆ ಮತ್ತೆ ಸರಿಯಾಗುತ್ತೆ ಅಂದರು. ಕಣದಲ್ಲಿ ಚೆರಿ ಒಣಗುತ್ತಿತ್ತು. ವ್ಯಾಪಾರಿಯ 30 ಚೀಲ ಬಿಟ್ಟು ಉಳಿದದ್ದು ಮಾರಿ ಕಟ್ಟಿದೆವು. ಆ 7,500 ನನಗೆ ಇವತ್ತಿಗೂ ಜಾಸ್ತಿ ಅನಿಸಿಲ್ಲ.

ಆ ವರ್ಷದ ಕೊನೆಗೆ ಸಾಲ ಮನ್ನಾ ಸರ್ಟಿಫಿಕೇಟ್ ಕೊಡಿಸುತ್ತೇವೆ ಅಂತ ನಮ್ಮ ಕಡೆಯೂ ಕೆಲವರು ಓಡಾಡಿದರು. ಸರ್ವಿಸ್ ಚಾರ್ಜು ತಗೊಂಡು ಕೊಡುವ ಅಂಥ ಕಾಗದಕ್ಕೆ ಬೆಲೆಯಿಲ್ಲ ಅಂತ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸಿತು. ಪಕ್ಕದ ತೋಟದವರು ಕೇಳಲು ಬಂದಾಗ ನನ್ನ 6,000ದ ರಸೀದಿ ತೋರಿಸಿದೆ. ಅದನ್ನು ಬಿಸ್ಕತ್ ಡಬ್ಬಿಯಲ್ಲೇ ಇಟ್ಟಿದ್ದೇನೆ. ವಾಪಸ್ ಕೇಳಿ ಎರಡು ಇಮೇಲ್ ಮಾಡಿದ್ದೆ, ಉತ್ತರ ಇಲ್ಲ.

2024ರಲ್ಲಿ ರೋಬಸ್ಟಾ ಚೆರಿ ಚೀಲಕ್ಕೆ ಹತ್ತು ಸಾವಿರದ ಹತ್ತಿರ ಹೋಯಿತು. ಅಪ್ಪನ ಕಾಲದಲ್ಲೂ ಕಾಣದ ರೇಟು. ಆ ವರ್ಷ ವ್ಯಾಪಾರಿಯ ಮುಂಗಡ ತಗೊಂಡಿರಲಿಲ್ಲ, ಅಷ್ಟೂ ಚೀಲ ಮಾರ್ಕೆಟ್ ರೇಟಿಗೇ ಹೋಯಿತು. ಮೊದಲು ಬಿಡಿಸಿದ್ದು ಅತ್ತೆಯ ಬಳೆ. ಸಂಜೆ ಅಡುಗೆಮನೆಯಲ್ಲೇ ಕೂತು ಹಾಕಿಕೊಂಡರು. ಈ ಸಲ ಸೋಪು, ಎಣ್ಣೆ ಏನೂ ಬೇಕಾಗಲಿಲ್ಲ. ಕೈ ಅಷ್ಟು ಸಣ್ಣಗಾಗಿತ್ತು.