ನನ್ನ ಚೀಟಿಗಳನ್ನು ನಾನೇ ಎಣಿಸಿದೆ

ಮಾತ್ರೆ ಬರೆದುಕೊಟ್ಟು ಎರಡು ತಿಂಗಳಾದರೂ ಆ ಅಜ್ಜಿಯ ಬಿಪಿ 170ರಿಂದ ಕೆಳಗೆ ಇಳಿದಿರಲಿಲ್ಲ. ಇನ್ನೊಂದು ಮಾತ್ರೆ ಸೇರಿಸೋಣವೆಂದು ಪೆನ್ನು ತೆಗೆದೆ. ಅಷ್ಟರಲ್ಲಿ ಅವರು ಸೆರಗಿನ ಗಂಟು ಬಿಚ್ಚಿದರು. ಕತ್ತರಿಯಲ್ಲಿ ಕತ್ತರಿಸಿದ ಸ್ಟ್ರಿಪ್ಪಿನ ತುಂಡು, ಅದರಲ್ಲಿ ಮೂರು ಮಾತ್ರೆ. "ದಿನ ಬಿಟ್ಟು ದಿನ ನುಂಗುತ್ತೇನೆ ಡಾಕ್ಟರೇ. ಕೂಲಿ ಸಿಕ್ಕ ವಾರ ಐದು ಮಾತ್ರೆ ತರುತ್ತೇನೆ" ಎಂದರು. ಪೆನ್ನು ಕೆಳಗಿಟ್ಟೆ.

ಅಂದು ರಾತ್ರಿ ನಾನು ಔಷಧ ಬರೆದುಕೊಟ್ಟ ಚೀಟಿ ಪುಸ್ತಕಗಳ ಕಾರ್ಬನ್ ಪ್ರತಿಗಳನ್ನು ಹರಡಿಕೊಂಡು ಕುಳಿತೆ. ಚೀಟಿಗಳನ್ನು ಹೀಗೆ ಪರಿಶೀಲಿಸಲು ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲೇ ಸರಳ ದಾರಿ ತೋರಿಸಿದೆ: ಒಂದು ಭೇಟಿಗೆ ಸರಾಸರಿ ಎಷ್ಟು ಔಷಧ, ಎಷ್ಟು ಚೀಟಿಗಳಲ್ಲಿ ಆಂಟಿಬಯಾಟಿಕ್, ಎಷ್ಟರಲ್ಲಿ ಇಂಜೆಕ್ಷನ್, ಜನರಿಕ್ ಹೆಸರಿನಲ್ಲಿ, ಅಂದರೆ ಕಂಪನಿಯ ಬ್ರಾಂಡ್ ಬಿಟ್ಟು ಔಷಧದ ಹೆಸರಿನಲ್ಲೇ, ಬರೆದದ್ದು ಎಷ್ಟು, ಅಗತ್ಯ ಔಷಧಗಳ ಪಟ್ಟಿಯಲ್ಲಿ ಇರುವುದು ಎಷ್ಟು. ಐದು ಕಾಲಂ ಎಳೆದು ನೂರು ಚೀಟಿ ಎಣಿಸಿದೆ. ನಾಚಿಕೆಯಾಯಿತು. ಬರೀ ನೆಗಡಿಗೆ ಬಂದ ಮಗುವಿಗೂ ಆಂಟಿಬಯಾಟಿಕ್. ಮೈಕೈ ನೋವಿನ ಮಾತ್ರೆಗೆ ಜೊತೆಯಾಗಿ ಗ್ಯಾಸ್ ಮಾತ್ರೆ, ಅದರ ಹಿಂದೆಯೇ ಶಕ್ತಿಗೆಂದು ಬಿ-ಕಾಂಪ್ಲೆಕ್ಸ್. ಯೋಚಿಸಿ ಬರೆದದ್ದಲ್ಲ, ಕೈಗೆ ರೂಢಿಯಾಗಿತ್ತು. ಗ್ಯಾಸ್ ಮಾತ್ರೆಗೆಂದೇ ಆರನೆಯ ಕಾಲಂ ಎಳೆದೆ.

ಅಜ್ಜಿಗೆ ನಾನು ಬರೆದಿದ್ದು ಎರಡು ಔಷಧ ಬೆರೆಸಿದ ಮಾತ್ರೆ. ಅದರಲ್ಲಿದ್ದ ಬಿಪಿ ಇಳಿಸುವ ಅಮ್ಲೋಡಿಪೈನ್ ಒಂದೇ ಆಗಿದ್ದರೆ ಅದು ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಅದಕ್ಕೆ ಗರಿಷ್ಠ ಬೆಲೆ ಗೊತ್ತುಮಾಡುತ್ತಾರೆ. ಪಟ್ಟಿಯಲ್ಲಿಲ್ಲದ ಮಿಶ್ರಣಕ್ಕೆ ಆ ಮಿತಿಯಿಲ್ಲ, ವರ್ಷಕ್ಕೆ ಶೇ 10ರವರೆಗೆ ಬೆಲೆ ಏರಿಸಲು ಕಂಪನಿಗೆ ಅವಕಾಶವಿದೆ. ಮಿಶ್ರಣ ಬೇಕೇಬೇಕಾದ ರೋಗಿಗಳಿದ್ದಾರೆ, ನಿಜ. ಆದರೆ ಒಂದೇ ಔಷಧವನ್ನು ದಿನವೂ ನುಂಗಿದರೆ ಏನಾಗುತ್ತದೆಂದು ನಾನು ಈ ಅಜ್ಜಿಯಲ್ಲಿ ನೋಡಿಯೇ ಇರಲಿಲ್ಲ. ಅಮ್ಲೋಡಿಪೈನ್ 5 ಮಿಲಿಗ್ರಾಂ ಎಂದು ದಪ್ಪಕ್ಷರದಲ್ಲಿ ಬರೆದು ಬಸ್ ನಿಲ್ದಾಣದ ಬಳಿ ಕಡಿಮೆ ಬೆಲೆಗೆ ಜನರಿಕ್ ಔಷಧ ಮಾರುವ ಜನೌಷಧಿ ಕೇಂದ್ರಕ್ಕೆ ಕಳುಹಿಸಿದೆ. ಬೇರೆ ಅಂಗಡಿಯಲ್ಲಾದರೆ ಜನರಿಕ್ ಹೆಸರು ಬರೆದ ಮಾತ್ರಕ್ಕೆ ಖರ್ಚು ಇಳಿಯುವುದಿಲ್ಲ. ಯಾವ ಕಂಪನಿಯದು ಕೊಡಬೇಕೆಂದು ಅಂಗಡಿಯವರೇ ತೀರ್ಮಾನಿಸುತ್ತಾರೆ.

ಜನೌಷಧಿಯಲ್ಲೂ ಕೆಲವೊಮ್ಮೆ ಸರಕು ಮುಗಿದಿರುತ್ತದೆ. ಹಾಗಾಗಿ ಸೋಮವಾರ ಬೆಳಿಗ್ಗೆ ಫೋನ್ ಮಾಡಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಇವೆಯೇ ಎಂದು ಕೇಳಿಕೊಳ್ಳುತ್ತೇನೆ. ಮೂರ್ಛೆರೋಗ ಹತೋಟಿಯಲ್ಲಿರುವವರ ಮಾತ್ರೆಯ ಕಂಪನಿಯನ್ನು ಮಾತ್ರ ಬದಲಿಸಲಿಲ್ಲ. ಅಲ್ಲಿ ರಕ್ತದಲ್ಲಿನ ಔಷಧದ ಮಟ್ಟದ ಸಣ್ಣ ಏರುಪೇರಿಗೂ ನಾನು ಹೆದರುತ್ತೇನೆ.

ಕಷ್ಟವಾದದ್ದು ಇಂಜೆಕ್ಷನ್ ಬಿಡಿಸುವುದು. ಜ್ವರ ಬಂದವರು ಸೂಜಿ ಹಾಕಿಸಿಕೊಳ್ಳದೆ ಎದ್ದುಹೋಗಲು ಒಪ್ಪುವುದಿಲ್ಲ. ಒಬ್ಬೊಬ್ಬರಿಗೂ ಐದು ನಿಮಿಷ ಕೂತು ಹೇಳಬೇಕು. ಹೇಳಿದೆ. ಕೆಲವರು ಬೇರೆ ಡಾಕ್ಟರ ಬಳಿಗೆ ಹೋದರು, ಅವರಲ್ಲಿ ಮರಳಿ ಬಂದವರೂ ಇದ್ದಾರೆ.

ಮುಂದಿನ ತಿಂಗಳು ಅಜ್ಜಿ ಬಂದಾಗ ಗಂಟಿನಲ್ಲಿ ಇಡೀ ಸ್ಟ್ರಿಪ್ಪುಗಳಿದ್ದವು. ಬಿಪಿ 144. ಡೋಸ್ ಮುಟ್ಟಲಿಲ್ಲ, ಉಪ್ಪಿನಕಾಯಿ ಕಡಿಮೆ ಮಾಡಿ ಎಂದೆ.

ಮೂರು ತಿಂಗಳಿಗೊಮ್ಮೆ ಎಣಿಕೆ ನಡೆದೇ ಇದೆ. ಇಂಜೆಕ್ಷನ್ ಕಾಲಂ ಬಹುಪಾಲು ಖಾಲಿ. ಆರನೆಯ ಕಾಲಂ ಇನ್ನೂ ನಾನು ಅಂದುಕೊಂಡಷ್ಟು ಇಳಿದಿಲ್ಲ.